ಬಿಂಬುಳಿಯ ತಾಯಿ

ಹೋಟೆಲಿನ ಬಾಗಿಲಲ್ಲೇ ಆರ್ನೆಲ್ ಓಡಿಬಂದು ಪೂರಿಂಗ್ ಅವರ ಕೈ ಹಿಡಿದು ತನ್ನ ಹಣೆಗೊತ್ತಿಕೊಂಡ. ಹಿರಿಯರು ಸಿಕ್ಕರೆ ಆಶೀರ್ವಾದ ಪಡೆಯುವ ರೀತಿ ಅದು, ಹುಡುಗನದೇನೂ ತಪ್ಪಿಲ್ಲ. ಆದರೂ ಪೂರಿಂಗ್ ಅವರ ಎದೆ ಧಸಕ್ಕೆಂದಿತು. ಒಳಗೆ ಹುಡುಗಿಯರು ಓರಗೆಯವರ ರೀತಿಯಂತೆ ಒಬ್ಬರಿಗೊಬ್ಬರು ಕೆನ್ನೆಗೆ ಕೆನ್ನೆ ತಾಗಿಸಿ ಕಿಲಕಿಲ ಎನ್ನುತ್ತಿದ್ದರು. ಇವರ ನರೆಗೂದಲು ಕಂಡದ್ದೇ ತಡ, ಕೆನ್ನೆಗಳೆಲ್ಲ ಹಿಂದೆ ಸರಿದು ಹಣೆಗಳು ಮುಂದೆ ಬಂದವು.

"ಆಂಟಿ, ಯಾರ ಕಡೆಯೋರು ನೀವು?" ಎನ್ನುತ್ತ ಆರ್ನೆಲ್ ಒಂದು ಅಂಟುಚೀಟಿ, ಪೆನ್ನು ಕೊಟ್ಟ. ಅಂದು ದುಮಗೆತೆ ಊರಿನ ಬ್ಲಾಗಿಗರ ಮೊದಲ 'ಐಬಾಲ್'. ಇಷ್ಟು ದಿನ ಬರೀ ಅಕ್ಷರದಲ್ಲಿ ಹರಟಿದವರು ಕಣ್ಣಾರೆ ಒಬ್ಬರನ್ನೊಬ್ಬರು ನೋಡುವ ದಿನ. ಎಲ್ಲರೂ ತಮ್ಮ ಬ್ಲಾಗಿನ ಹೆಸರು ಬರೆದು ಎದೆಗೆ ಅಂಟಿಸಿಕೊಳ್ಳಬೇಕು.

ಪೂರಿಂಗ್ ನಿಜ ಹೇಳಬೇಕೆಂದೇ ಬಂದಿದ್ದರು. 'ಬಿಂಬುಳಿ' ಎಂದು ಬರೆದೂಬಿಟ್ಟರು. ಅಷ್ಟರಲ್ಲಿ ಹುಡುಗಿಯೊಬ್ಬಳು, "ಬಿಂಬುಳಿ ಬಂದ್ಲಾ? ಎಲ್ಲಿ, ಎಲ್ಲಿ?" ಎಂದು ಇವರ ಬೆನ್ನ ಹಿಂದೆ ಇಣುಕಿದಳು. ಜೊವೆಲಿನ್! ಫೋಟೋದಲ್ಲಿ ಕಂಡದ್ದಕ್ಕಿಂತ ಬಡಕಲಾಗಿದ್ದಳು. ಪೂರಿಂಗ್ ಅವರ ಧೈರ್ಯ ಅಲ್ಲೇ ಉಡುಗಿತು. ಬರೆದ ಹೆಸರಿಗೆ 'ಯ ತಾಯಿ' ಎಂದು ಸೇರಿಸಿ, "ಅವಳಿಗೆ ಜ್ವರ ಕಣಮ್ಮಾ, ನಾನೇ ಬಂದೆ" ಎಂದರು.

ಮೋಸ ಮಾಡಬೇಕೆಂದು ಶುರುವಾದದ್ದಲ್ಲ. ಬ್ಲಾಗಿಗೊಂದು ಫೋಟೋ ಬೇಕಿತ್ತು, ತಮ್ಮ ಯೌವನದ್ದೊಂದು ಚೆನ್ನಾಗಿತ್ತು, ಹಾಕಿದರು. ಕಪ್ಪು ಬಿಳುಪು ಫೋಟೋ ಈಗಿನ ಫ್ಯಾಷನ್ನು ಎಂದುಕೊಂಡರು ಹುಡುಗರು. 'ಬಾರೇ, ಹೋಗೇ' ಶುರುವಾಯಿತು. ಗಂಡ ಹೋದ ಮೇಲೆ ಪೂರಿಂಗ್ ಅವರನ್ನು ಹಾಗೆ ಕರೆಯುವವರು ಯಾರಿದ್ದರು? ತಿದ್ದಲು ಮನಸ್ಸು ಬರಲಿಲ್ಲ.

ಪೂರಿಂಗ್ ಅವರನ್ನು ಜೊವೆಲಿನ್ ಮೂಲೆಯ ಕುರ್ಚಿಯಲ್ಲಿ ಕೂರಿಸಿ, ಬಾಳೆಎಲೆಯಲ್ಲಿ ಸುತ್ತಿದ ಸಿಹಿ ಕಡುಬು ಬಿಡಿಸಿ ಕೊಟ್ಟಳು. ಮುದುಕಿಗೆ ಮಾಡುವ ಉಪಚಾರ. "ಅವಳ ಮುಖ ನೋಡೋಕೆ ಅಂತಾನೇ ಬಾಯಾವಾನ್‌ನಿಂದ ಬಸ್ಸಲ್ಲಿ ನಿಂತ್ಕೊಂಡು ಬಂದೆ ಆಂಟಿ. ಬೈದೆ ಅಂತ ಹೇಳಿ ಅವಳಿಗೆ."

"ಹೇಳ್ತೀನಿ."

"ನನ್ನ ಮದುವೆ ಮುರಿದುಬಿದ್ದಾಗ ದಿನಾ ಸಂಜೆ ನನ್ನ ಜೊತೆ ಹರಟೆ ಹೊಡ್ದು ಹೊಡ್ದು ನನ್ನ ಉಳಿಸ್ಕೊಂಡ್ಲು. ನಮ್ಮಮ್ಮನ ಹತ್ರ ಬಾಯಿಬಿಡದಿರೋದನ್ನೆಲ್ಲ ಅವಳ ಹತ್ರ ಹೇಳಿದೀನಿ. ದೊಡ್ಡೋರಿಗೆ ಹೇಳೋಕಾಗುತ್ತಾ ಅದೆಲ್ಲ? ಉಪದೇಶ ಶುರು ಮಾಡ್ತಾರೆ. ನೀವು ಬೇಜಾರು ಮಾಡ್ಕೋಬೇಡಿ ಮತ್ತೆ."

"ಇಲ್ಲಮ್ಮ, ನೀನು ಹೇಳೋದು ನಿಜ" ಎಂದರು ಪೂರಿಂಗ್. ಇವಳಿಗೆ ಗೊತ್ತಾದರೆ ಆ ಸಂಜೆಗಳು ಮುಗಿದ ಹಾಗೆ. ಹೇಳಿಕೊಂಡದ್ದಕ್ಕೆಲ್ಲ ಹುಡುಗಿ ನಾಚಿ ಸಾಯುತ್ತಾಳೆ, ಇನ್ನೆಂದೂ ಬರೆಯುವುದಿಲ್ಲ. ಬಾಯಿ ಮುಚ್ಚಿಕೊಂಡು ಮನೆಗೆ ಹೋದರೆ ಸಾಕಪ್ಪಾ ಎನ್ನಿಸಿತು.

ಹೊರಡುವ ಹೊತ್ತಿಗೆ ಜೊವೆಲಿನ್ ಹಟ ಹಿಡಿದಳು, ಆಂಟಿಯ ಜೊತೆ ಒಂದು ಫೋಟೋ ಬೇಕೇ ಬೇಕು, ಬಿಂಬುಳಿಗೆ ಕಳಿಸಿ ಹೊಟ್ಟೆ ಉರಿಸಬೇಕು. ಆರ್ನೆಲ್ ಕ್ಯಾಮೆರಾವನ್ನು ಬಡಿಸುವ ಹೆಂಗಸಿನ ಕೈಗಿತ್ತು ತಾನೂ ಓಡಿಬಂದು ಸೇರಿಕೊಂಡ.

"ಮೂರೇ ಜನಾನಾ?" ಆಕೆ ಕ್ಯಾಮೆರಾ ಕೆಳಗಿಳಿಸಿದಳು. "ಇನ್ನೊಬ್ರನ್ನ ಕರ್ಕೊಳ್ಳಿ. ಮೂವರು ನಿಂತ್ರೆ ನಡುವಿನೋರು ಬೇಗ ಸಾಯ್ತಾರೆ."

ನಡುವೆ ನಿಂತಿದ್ದ ಆರ್ನೆಲ್ ಕೆಂಡ ತುಳಿದವನ ಹಾಗೆ ಪಕ್ಕಕ್ಕೆ ಹಾರಿದ. "ಜೊವೆಲಿನ್, ನೀನ್ ಬಾ ನಡುವೆ."

"ಅಯ್ಯೋ, ನಾನ್ಯಾಕೆ ಸಾಯ್ಲಿ? ನನಗಾಗಿರೋದೇ ಸಾಕು!"

ಹುಡುಗಿಯ ಮುಖ ನಿಜಕ್ಕೂ ಬಿಳಿಚಿಕೊಂಡಿತ್ತು. ಪೂರಿಂಗ್ ಅವರಿಗೆ ತಡೆದುಕೊಳ್ಳಲಾಗಲಿಲ್ಲ. ಇಬ್ಬರನ್ನೂ ಆಚೀಚೆ ತಳ್ಳಿ ತಾವೇ ನಡುವೆ ನಿಂತರು. "ಏ, ಸುಮ್ನಿರ್ರೋ! ನಡುವೆ ನಿಂತೋರೆಲ್ಲ ಸಾಯೋ ಹಾಗಿದ್ರೆ ಈ ದೇಶದಲ್ಲಿ ರಾಜಕಾರಣಿ ಒಬ್ಬನೂ ಉಳೀತಿರ್ಲಿಲ್ಲ. ಯಾವ ಫೋಟೋ ನೋಡಿದ್ರೂ ನಡುವೆ ಅವರೇ!"

ಆರ್ನೆಲ್ ಹೊಟ್ಟೆ ಹಿಡಿದುಕೊಂಡು ನಕ್ಕ. ಬಡಿಸುವವಳೂ ನಕ್ಕಳು. ಜೊವೆಲಿನ್ ನಗಲಿಲ್ಲ.

ಆಗ ಪೂರಿಂಗ್ ಅವರಿಗೆ ನೆನಪಾಯಿತು. 'ನಿಶ್ಚಿತಾರ್ಥದ ಫೋಟೋದಲ್ಲಿ ಹುಡುಗನಿಗೂ ಅವನ ತಾಯಿಗೂ ನಡುವೆ ನಿಂತಿದ್ದೆ, ಅದಕ್ಕೇ ಹೀಗಾಯಿತು' ಎಂದು ಜೊವೆಲಿನ್ ಗೋಳಾಡಿದ ಸಂಜೆ ಬಿಂಬುಳಿ ಅವಳೊಬ್ಬಳಿಗೇ ಬರೆದಿದ್ದ ರಾಜಕಾರಣಿಯ ಮಾತಿದು. ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಹಾಳು ನಾಲಿಗೆ! ಕ್ಯಾಮೆರಾ ಕ್ಲಿಕ್ಕೆಂದಿತು.

ಜೊವೆಲಿನ್ ಸರ್ರನೆ ಒಳಗೆ ಹೋದಳು. ಇನ್ನು ಆಕೆ ಬರುವುದಿಲ್ಲ ಎಂದುಕೊಂಡೇ ಪೂರಿಂಗ್ ಚಪ್ಪಲಿ ಎಳೆಯುತ್ತ ಬಾಗಿಲ ಕಡೆ ನಡೆದರು. ಆರ್ನೆಲ್ ಬಂದು ಅವರ ಕೈಯನ್ನು ಹಣೆಗೊತ್ತಿಕೊಂಡು ಬೀಳ್ಕೊಟ್ಟ. ಉಳಿದವರೂ ಸಾಲಾಗಿ ಬಂದರು. ಕೊನೆಗೆ ಜೊವೆಲಿನ್, ಕೈಯಲ್ಲಿ ಕಡುಬಿನ ಪೊಟ್ಟಣ.

"ಬಿಂಬುಳಿಗೆ" ಎಂದಳು.

ಪೂರಿಂಗ್ ಅವರಿಗೆ ಆಕೆಯ ಮುಖ ನೋಡುವ ಧೈರ್ಯವಿರಲಿಲ್ಲ. ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು, ನೆಲ ನೋಡುತ್ತಲೇ ಬಲಗೈ ಚಾಚಿದರು.

ಜೊವೆಲಿನ್ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು. ಮುಂದೆ ಬಾಗಿ ಅವರ ಕೆನ್ನೆಗೆ ತನ್ನ ಕೆನ್ನೆ ಒತ್ತಿದಳು, ಮೊದಲು ಈ ಕಡೆ, ಆಮೇಲೆ ಆ ಕಡೆ.

"ಸಂಜೆ ಬೇಗ ಆನ್‌ಲೈನ್ ಬಾರೇ," ಎಂದು ಕಿವಿಯಲ್ಲಿ ಉಸುರಿದಳು. "ನಿನ್ನ ಬೈಯೋದು ತುಂಬಾ ಇದೆ."