ಹೊರಗಿನ ಚಿಲಕ

ಕೋಣೆಯ ಬಾಗಿಲಿಗೆ ಹೊರಗಡೆಯಿಂದ ಚಿಲಕ ಕೂರಿಸುವಾಗ ಬಡಗಿ ಮೌನೇಶನ ಕೈ ತಡೆಯಿತು.

“ಸರ, ಹೊರಗ ಯಾಕ್ರಿ?”

“ಬೆಕ್ಕಿನ ಕಾಟ ಐತಿ. ನೀ ಲಗೂನ ಮುಗಸು,” ಎಂದು ಮನೆಯ ಯಜಮಾನ ಗದರಿದ. ಗೋಡೆಗೆ ಆನಿಕೊಂಡು ನಿಂತಿದ್ದ ಅವನ ಮಗಳು ಚಿಲಕವನ್ನೇ ನೋಡುತ್ತಿದ್ದಳು.

ಇನ್ನೂ ಕೇಳಬೇಕೆನಿಸಿತು. ಆದರೆ ಗಿರಾಕಿ ಮುನಿಸಿಕೊಂಡರೆ ಆನ್‌ಲೈನಿನಲ್ಲಿ ಒಂದೇ ಸ್ಟಾರ್ ಒತ್ತಿಯಾನೆಂದು ಮೌನೇಶ ಮಾತು ನುಂಗಿಕೊಂಡ. ಎಂದಿನಂತೆ ಬಾಗಿಲಿನ ಒಳಮೈಗೆ ತನ್ನ ಸ್ಟಿಕ್ಕರ್ ಅಂಟಿಸಿದ: ‘ಕೆಲಸ ಹಿಡಿಸಿದರೆ ಸ್ಕ್ಯಾನ್ ಮಾಡಿ, ನಾಲ್ಕು ಮಾತು ಬರೆಯಿರಿ.’

“ಮರೀಬ್ಯಾಡ್ರಿ ಸರ, ರಿವ್ಯೂ ಬರೀರಿ.”

“ನಮಗ ಅದೆಲ್ಲಾ ಬರಂಗಿಲ್ಲ.”

ಮರುದಿನ ಮೊಬೈಲ್ ಟಿಣ್ ಎಂದಿತು. ಆ ಮನೆಯಿಂದಲೇ, ಐದು ಸ್ಟಾರ್! ಮೌನೇಶ ಹಿಗ್ಗಿನಿಂದ ಓದಿದ:

“ಚಿಲಕ ಭಾಳ ಗಟ್ಟಿ ಐತಿ ಅಣ್ಣಾ. ರಾತ್ರಿಯೆಲ್ಲಾ ಒಳಗಿಂದ ಗುದ್ದೀನಿ, ಒಂಚೂರೂ ಅಳ್ಳಾಡವಲ್ದು.”