ಅಕ್ಕ ಒತ್ತಿದ ಬಸ್ಸು

"ನೆನಪಿರ್ಲಿ ಸರ್, ನೀವು ಬಾಯಿ ಬಿಟ್ರೆ ಫೇಲು," ಎಂದರು ಮೇಡಂ.

ನಿವೃತ್ತ ಕಂಡಕ್ಟರ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಬದುಕೆಲ್ಲ ಕೂಗಿ ಕೂಗಿಯೇ ಅನ್ನ ತಿಂದ ಗಂಟಲು ಅದು! ಆದರೆ ಕಂಪ್ಯೂಟರ್ ತರಗತಿಯ ಕೊನೆಯ ಪರೀಕ್ಷೆಯ ನಿಯಮವೇ ಹಾಗಿತ್ತು. ಅವನು ಬರೆದ ಪ್ರೋಗ್ರಾಮನ್ನು ಕಂಪ್ಯೂಟರ್ ಮುಟ್ಟಿಯೇ ಗೊತ್ತಿಲ್ಲದ ಒಬ್ಬರು, ಯಾರೂ ಹೇಳಿಕೊಡದೆ ನಡೆಸಬೇಕು. ಪಾಸಾದರೆ ಅದನ್ನು ಬಸ್ ನಿಲ್ದಾಣದ ಪರದೆಗೆ ಹಾಕುತ್ತಾರೆ. ಆ ಆಸೆಗೆ ಮೂರು ತಿಂಗಳು ಒದ್ದಾಡಿದ್ದ. ಪರೀಕ್ಷೆಗೆಂದು ಸ್ವಂತ ಅಕ್ಕನನ್ನೇ ಕರೆತಂದಿದ್ದ.

ಪರದೆಯ ತುಂಬ ದೊಡ್ಡ ಕೆಂಪು ಬಸ್ಸು. ಅದರ ಕೆಳಗೆ 'ಮುಂದಿನ ಬಸ್ಸು' ಎಂಬ ಸಣ್ಣ ಬೂದು ಬಟನ್. ಅದಕ್ಕೆ ಬೆರಳಿಟ್ಟರೆ ಬಸ್ಸು ಹಾರ್ನ್ ಹೊಡೆಯುತ್ತ ಓಡಿ, ಮುಂದಿನದು ಎಷ್ಟು ಗಂಟೆಗೆ ಎಂದು ತೋರಿಸುತ್ತದೆ.

ಅಕ್ಕ ಕನ್ನಡಕ ಏರಿಸಿಕೊಂಡು ನೇರ ಬಸ್ಸಿಗೇ ಬೆರಳಿಟ್ಟಳು. ಏನೂ ಆಗಲಿಲ್ಲ. ಬಾಗಿಲು ಒತ್ತಿದಳು. ಚಕ್ರ ಒತ್ತಿದಳು.

"ಲೋ, ನಿನ್ನ ಬಸ್ಸು ಕೆಟ್ಟು ನಿಂತಿದೆ ಕಣೋ!"

ಕಂಡಕ್ಟರನ ಮುಖ ಬಸ್ಸಿಗಿಂತ ಕೆಂಪಾಯಿತು. ಕೆಳಗೆ, ಕೆಳಗೆ ಎಂದು ಕಣ್ಣಲ್ಲೇ ಅಂಗಲಾಚಿದ. ಅಕ್ಕ ಬಗ್ಗಿ ಮೇಜಿನ ಕೆಳಗೆ ನೋಡಿದಳು. ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು.

"ಇನ್ನೂ ಐದು ನಿಮಿಷ ಇದೆ," ಎಂದರು ಮೇಡಂ ನಗು ತಡೆಯಲಾರದೆ. "ಬೇಕಾದ್ರೆ ಪ್ರೋಗ್ರಾಂ ಬದಲಾಯಿಸಿ. ಅಕ್ಕನ್ನ ಬದಲಾಯಿಸೋ ಹಾಗಿಲ್ಲ."

ಕಂಡಕ್ಟರನಿಗೆ ತಟ್ಟನೆ ಹೊಳೆಯಿತು. ಸ್ಟಾಪಿನ ಬೋರ್ಡು ಬಿಸಿಲಲ್ಲಿದ್ದರೆ ಜನ ಮರದ ನೆರಳಲ್ಲಿ ನಿಲ್ಲುತ್ತಾರೆ. ಬೋರ್ಡಿನ ಹತ್ತಿರ ಬನ್ನಿ ಎಂದು ಅವನು ಯಾವತ್ತಾದರೂ ಜಗಳಕ್ಕಿಳಿದದ್ದುಂಟೇ? ಸೀಟಿ ಊದಿ ಮರದ ಹತ್ತಿರವೇ ಬಸ್ಸು ನಿಲ್ಲಿಸುತ್ತಿದ್ದ. ಒಂದೇ ನೆಗೆತಕ್ಕೆ ಕೀಲಿಮಣೆ ಸೇರಿದ. ಬಟನ್ನಿಗೆ ಕಟ್ಟಿದ್ದ ಕೆಲಸವನ್ನು ಬಿಚ್ಚಿ ಬಸ್ಸಿನ ಚಿತ್ರಕ್ಕೇ ಕಟ್ಟಿದ. ಬಟನ್ನನ್ನು ಅಳಿಸಿಯೇಬಿಟ್ಟು, ಮತ್ತೆ ಬಾಯಿಗೆ ಕೈ ಒತ್ತಿಕೊಂಡ.

ಅಕ್ಕ ಸಿಟ್ಟಿನಿಂದ ಬಸ್ಸಿಗೆ ಮತ್ತೊಮ್ಮೆ ಕುಟ್ಟಿದಳು. ಪೋಂ! ಬಸ್ಸು ಓಡಿಯೇ ಓಡಿತು. ಮುಂದಿನದು ನಾಲ್ಕೂವರೆಗೆ ಎಂದು ಪರದೆ ತೋರಿಸಿತು.

"ಪಾಸ್!" ಎಂದು ಮೇಡಂ ಚಪ್ಪಾಳೆ ತಟ್ಟಿದರು. ಕಂಡಕ್ಟರ್ ಬಾಯಿಂದ ಕೈ ತೆಗೆದು ಕುಣಿದಾಡಿಬಿಟ್ಟ. ಅಷ್ಟು ಸಂತೋಷ ಅವನಿಗೆ ಕೆಲಸ ಸಿಕ್ಕ ದಿನವೂ ಆಗಿರಲಿಲ್ಲ.

ಅಕ್ಕ ಮಾತ್ರ ಕುರ್ಚಿ ಬಿಡಲಿಲ್ಲ. ಪೋಂ. ಪೋಂ. ಪೋಂ.

"ಸಾಕು ಏಳಕ್ಕ, ಪರೀಕ್ಷೆ ಮುಗೀತು!"

"ಸುಮ್ನಿರೋ. ಮೂವತ್ತು ವರ್ಷ ನಿನ್ನ ಬಸ್ಸು ಅದಕ್ಕೆ ಮನಸ್ಸು ಬಂದಾಗ ಬಂತು. ಇವತ್ತು ನನಗೆ ಮನಸ್ಸು ಬಂದಾಗೆಲ್ಲ ಬರ್ಲಿ."