ಅಜ್ಜನ ಹೆಸರಿನ ಕೂಸು

ತೆರಿಗೆ ಅಧಿಕಾರಿ ವಾರಿಜಾ ಕಳಿಸಿದ್ದ ನೋಟಿಸನ್ನು ಹಿಡಿದುಕೊಂಡು ಚೆನ್ನವೀರಪ್ಪನವರು ಕೆಂಡಾಮಂಡಲವಾಗಿ ಅವಳ ಕಚೇರಿಯೊಳಗೆ ಬಂದರು. ದಿವಾಳಿಯಾಗಿದ್ದ ಬಿಸ್ಕತ್ತು ಕಂಪನಿಯೊಂದನ್ನು ಅವರು ಹೋದ ವರ್ಷವಷ್ಟೇ ನ್ಯಾಯಮಂಡಳಿಯ ಮೂಲಕ ಕೊಂಡಿದ್ದರು. ಈಗ ನೋಡಿದರೆ, ಹಳೆಯ ಮಾಲೀಕರ ಕಾಲದ ತೆರಿಗೆ ಲೆಕ್ಕವನ್ನು ಮತ್ತೆ ತೆರೆಯುತ್ತೇವೆ ಎನ್ನುತ್ತಿತ್ತು ನೋಟಿಸು.

"ಅಲ್ಲ ಮೇಡಂ, ಹಳೇ ಬಾಕಿಯೆಲ್ಲ ಮುಗೀತು ಅಂತ ಆದೇಶವೇ ಆಗಿದೆ. ಆ ಕಂಪನಿ ಸತ್ತು ಮಣ್ಣಾಯ್ತು. ಇದು ಬೇರೆ ಜನ್ಮ. ಒಂದು ವರ್ಷದ ಕೂಸು!"

"ಹೆಸರು ಮಾತ್ರ ಅದೇ ಇದೆಯಲ್ಲ ಸರ್?"

"ಕೂಸಿಗೆ ಅಜ್ಜನ ಹೆಸರಿಡೋದಿಲ್ವ? ಹಾಗಂತ ಅಜ್ಜನ ಸಾಲಕ್ಕೆ ತೊಟ್ಟಿಲು ಜಪ್ತಿ ಮಾಡ್ತೀರಾ?"

ವಾರಿಜಾ ತುಟಿಯಂಚಿನ ನಗುವನ್ನು ತಡೆದುಕೊಂಡಳು. ಮೇಲಧಿಕಾರಿಯ ಒತ್ತಾಯಕ್ಕೆ ಕಳಿಸಿದ ನೋಟಿಸು ಅದು. ಕಾನೂನು ಚೆನ್ನವೀರಪ್ಪನವರ ಕಡೆಗೇ ಇದೆಯೆಂದು ಅವಳಿಗೂ ಗೊತ್ತಿತ್ತು.

"ಆಯ್ತು ಸರ್, ನೀವೇ ಗೆದ್ರಿ. ಕೂಸಿನ ತಂಟೆಗೆ ನಾವು ಬರಲ್ಲ. ನೋಟಿಸು ಕೈಬಿಡ್ತೀನಿ."

"ಹಳೇ ಕಂಪನಿ ಸುದ್ದಿನೇ ಇನ್ಮೇಲೆ ಎತ್ತಬಾರದು, ನೋಡಿ."

"ಎತ್ತಲ್ಲ ಸರ್."

ಚೆನ್ನವೀರಪ್ಪನವರ ಮುಖ ಅರಳಿತು. ಬಾಗಿಲವರೆಗೆ ಹೋದವರು ಏನೋ ನೆನಪಾಗಿ ತಿರುಗಿ ಬಂದು, ಮೂಲೆಗೆ ಅರಿಶಿನ ಹಚ್ಚಿದ ಆಮಂತ್ರಣ ಪತ್ರಿಕೆಯೊಂದನ್ನು ಚೀಲದಿಂದ ತೆಗೆದು ಎರಡೂ ಕೈಯಲ್ಲಿ ಕೊಟ್ಟರು.

"ಭಾನುವಾರ ಫ್ಯಾಕ್ಟರಿಯಲ್ಲೇ ಊಟ. ಮನೆಯವರನ್ನೂ ಕರ್ಕೊಂಡು ಬನ್ನಿ ಮೇಡಂ."

"ಏನ್ ಸರ್, ಕೂಸಿನ ಹುಟ್ಟುಹಬ್ಬನಾ?"

"ಹೌದು ಮೇಡಂ, ತಪ್ಪಿಸಬೇಡಿ. ಎಪ್ಪತ್ತೈದನೇದು."